ಕೋಳಿಯ ಕಾಲಿನ ಬಣ್ಣ: ಪ್ರದರ್ಶನದ ತೀರ್ಪುಗಾರರು, ಡಾರ್ವಿನ್ ಮತ್ತು ಕೊಡಗಿನ ಕಾಡುಕೋಳಿ

ಕೊಡಗಿನ ಕಾಫಿ ತೋಟಗಳಲ್ಲಿ ಬೆಳಕು ಹರಿಯುವ ಮುನ್ನ ಎರಡು ಬಗೆಯ ಕೂಗು ಕೇಳಿಬರುತ್ತದೆ. ಒಂದು ಅಂಗಳದ ಹುಂಜದ್ದು. ಎಲ್ಲರೂ ಬಲ್ಲ, ಕೊನೆಯಲ್ಲಿ ಉದ್ದಕ್ಕೆ ಎಳೆಯುವ ಕೂಗು. ಇನ್ನೊಂದು ತೋಟದಾಚೆಯ ಕಾಡಂಚಿನಿಂದ ಬರುವುದು. ಅದು ಒಡಕು ದನಿಯ, ತುಂಡು ತುಂಡಾದ ಕೂಗು: 'ಕುಕ್, ಕಾಯ ಕಾಯ, ಕುಕ್'. ಎರಡನೆಯ ಗಾಯಕ ಬೂದು ಕಾಡುಕೋಳಿ. ವಿಜ್ಞಾನಿಗಳು ಇಟ್ಟ ಹೆಸರು ಗ್ಯಾಲಸ್ ಸೊನ್ನೆರಾಟಿ. ಭಾರತದ ಪರ್ಯಾಯ ದ್ವೀಪವನ್ನು ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲಿಯೂ ಇದು ಇಲ್ಲ. ಸಾಕುಕೋಳಿಯ ಮೂಲಪುರುಷನೆಂದು ಪಠ್ಯಪುಸ್ತಕಗಳು ಹೇಳುವ ಕೆಂಪು ಕಾಡುಕೋಳಿ ಉತ್ತರ ಮತ್ತು ಪೂರ್ವ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ ಬೇರೆಯೇ ಪ್ರಭೇದ. ಕೊಡಗಿನ ಕಾಡುಗಳಲ್ಲಿ ಅದು ಸಿಗುವುದಿಲ್ಲ.

ಈಗ ಅಂಗಳಕ್ಕೆ ಬರೋಣ. ಕೆದಕುತ್ತಿರುವ ನಾಲ್ಕಾರು ಹೇಂಟೆಗಳ ಕಾಲುಗಳನ್ನು ಗಮನಿಸಿ. ಕೆಲವದರ ಕಾಲು ಹಳದಿ, ಕೆಲವದರದು ಬೂದುನೀಲಿ, ಕೆಲವದರದು ಬಿಳಿಚು, ಅಪರೂಪಕ್ಕೆ ಒಂದರದು ಹಸಿರು ಛಾಯೆಯದು. ಸಾರಿಗೆ ಹಾಕುವವರಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಸುಮಾರು ಇನ್ನೂರು ವರ್ಷಗಳಿಂದ ಜಗತ್ತಿನ ಒಂದು ವರ್ಗದ ಜನ ಈ ಕಾಲಿನ ಬಣ್ಣಕ್ಕೆ ಅಂಕ ಕೊಡುತ್ತ, ಅಂಕ ಕಳೆಯುತ್ತ ಬಂದಿದ್ದಾರೆ. ಅವರೇ ಕೋಳಿ ಪ್ರದರ್ಶನಗಳ ತೀರ್ಪುಗಾರರು. ಅವರ ಅಂಕಪಟ್ಟಿಯ ಈ ಒಂದು ಚಿಕ್ಕ ಕಲಮಿಗೂ ಕಾಡಂಚಿನ ಆ ಒಡಕು ಕೂಗಿಗೂ ಇರುವ ಸಂಬಂಧ 2008ರವರೆಗೆ ಖಚಿತವಾಗಿರಲಿಲ್ಲ. ಡಾರ್ವಿನ್‌ಗೂ ಅದು ಸಿಕ್ಕಿರಲಿಲ್ಲ.

ಪಂಜರದ ಮುಂದೆ

ಪ್ರದರ್ಶನಕ್ಕೆ ಬರುವ ಕೋಳಿಗಳಲ್ಲಿ ಬ್ಯಾಂಟಮ್‌ಗಳದ್ದೇ ಒಂದು ಲೋಕ. ಬ್ಯಾಂಟಮ್ ಎಂದರೆ ಕುಳ್ಳ ಜಾತಿಯ ಕೋಳಿ. ಜಾವಾ ದ್ವೀಪದ ಬಾಂಟೆನ್ ಬಂದರಿನಲ್ಲಿ ಐರೋಪ್ಯ ನಾವಿಕರು ಕೊಂಡ ಚಿಕ್ಕ ಕೋಳಿಗಳಿಂದ ಈ ಹೆಸರು ಬಂತು. ಕೆಲವು ದೊಡ್ಡ ತಳಿಗಳ ಗಿಡ್ಡ ರೂಪಗಳು; ಇನ್ನು ಕೆಲವಕ್ಕೆ ದೊಡ್ಡ ರೂಪವೇ ಇಲ್ಲ. ಬ್ರಿಟನ್ನಿನ ಪ್ರಮಾಣಕದಂತೆ ಸೀಬ್ರೈಟ್ ಬ್ಯಾಂಟಮ್ ಹುಂಜದ ತೂಕ ಸುಮಾರು 620 ಗ್ರಾಂ, ಹೇಂಟೆಯದು 510 ಗ್ರಾಂ. ನಮ್ಮ ನಾಟಿ ಹುಂಜದ ಪಕ್ಕದಲ್ಲಿ ನಿಲ್ಲಿಸಿದರೆ ಮರಿಯೆಂದೇ ತೋರೀತು.

ತೀರ್ಪುಗಾರರು ಕೆಲಸ ಮಾಡುವ ಕ್ರಮ ನೋಡುವಂಥದ್ದು. ಮೊದಲು ಕೈ ಹಾಕುವುದಿಲ್ಲ; ಎರಡು ಹೆಜ್ಜೆ ದೂರದಲ್ಲಿ ನಿಂತು ಹಕ್ಕಿಯ ನಿಲುವು, ಬೆನ್ನಿನ ರೇಖೆ, ಬಾಲದ ಕೋನ ನೋಡುತ್ತಾರೆ. ಬಳಿಕ ಎದೆಮೂಳೆಯ ಅಡಿ ಅಂಗೈಯಿಟ್ಟು, ಕಾಲುಗಳನ್ನು ಬೆರಳುಗಳ ನಡುವೆ ಹಿಡಿದು, ತಲೆ ಮುಂದಾಗಿ ಹೊರತೆಗೆಯುತ್ತಾರೆ. ಎದೆಮೂಳೆ ನೆಟ್ಟಗಿದೆಯೆ, ರೆಕ್ಕೆ ಬಿಡಿಸಿದಾಗ ಉದ್ದ ಗರಿಗಳ ಸಾಲಿನಲ್ಲಿ ಸಂದು ಬಿದ್ದಿದೆಯೆ, ಜುಟ್ಟಿನ ಹಲ್ಲುಗಳು ಎಷ್ಟು, ಕಿವಿಯ ಹಾಲೆ ಬಿಳಿಯೊ ಕೆಂಪೊ, ಗರಿಯ ಬುಡದಲ್ಲಿ ಹೇನಿದೆಯೆ, ಕಾಲಿನ ಹುರುಪೆಗಳು ನಯವಾಗಿವೆಯೆ, ಕಾಲಿನ ಬಣ್ಣವೇನು, ಇಷ್ಟನ್ನೂ ಒಂದೆರಡು ನಿಮಿಷದಲ್ಲಿ ಮುಗಿಸುತ್ತಾರೆ. ಒಟ್ಟು 100 ಅಂಕ. ಆಕಾರಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು, ತಲೆಗೆ, ಕಾಲಿಗೆ, ಆರೋಗ್ಯಕ್ಕೆ ಇಷ್ಟಿಷ್ಟು ಎಂದು ತಳಿಗನುಗುಣವಾಗಿ ಹಂಚಿಕೆ. ಕೆಲವು ದೋಷಗಳಿಗೆ ಅಂಕ ಕಳೆಯುವ ಮಾತೇ ಇಲ್ಲ, ನೇರ ಅನರ್ಹತೆ. ಹಳದಿ ಕಾಲು ಬೇಕೆಂದು ಬರೆದಿರುವ ತಳಿಯಲ್ಲಿ ಬೇರೆ ಬಣ್ಣದ ಕಾಲು ಕಂಡರೆ ಹಕ್ಕಿಗೆ ಬಹುಮಾನದ ಆಸೆಯಿಲ್ಲ. ಕಾಲಿಗೆ ಬಣ್ಣ ಬಳಿದೋ, ಬೇಡದ ಬಣ್ಣದ ಗರಿಗಳನ್ನು ಕಿತ್ತೋ ತಂದವರು ಸಿಕ್ಕಿಬಿದ್ದರೆ ಹಕ್ಕಿಯ ಜೊತೆಗೆ ಮಾಲೀಕರೂ ಹೊರಗೆ.

ಅಂಕಣದಿಂದ ಅಂಕಪಟ್ಟಿಗೆ

ಕೋಳಿಯನ್ನು ಅಂಗಾಂಗ ನೋಡಿ ತೂಗುವುದು ನಮಗೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣಕ್ಕೇ ಒಂದು ಅಧ್ಯಾಯವಿದೆ. ನೇರವಾದ ಗರಿ ಮತ್ತು ಬೆರಳು, ತಾಮ್ರವರ್ಣದ ಮುಖ, ಉಗುರು, ಜುಟ್ಟು, ಬಿಳಿಯ ಮೈ, ಬೆಳಗಿನ ಜಾವ ಇಂಪಾದ ಕೂಗು ಇವು ಅವನ ಉತ್ತಮ ಹುಂಜದ ಗುರುತುಗಳು. ಅಂಥ ಹುಂಜ ರಾಜ್ಯಕ್ಕೆ ಶುಭವೆಂಬುದು ಅವನ ಆಸಕ್ತಿ. ನಮ್ಮ ಆಸಕ್ತಿ ಪಟ್ಟಿಯಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126-1138) ಬರೆಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದವೂ ಸೇರಿದೆ. ಘಟ್ಟದ ಕೆಳಗಿನ ತುಳುನಾಡಿನಲ್ಲಿ ಹುಂಜದ ಬಣ್ಣಕ್ಕೆ ಬೊಳ್ಳೆ, ಉರಿಯೆ, ಕಕ್ಕೆ, ಮೈರೆ, ನೀಲೆ ಎಂದು ಹೆಸರಿನ ಸರಮಾಲೆಯೇ ಇದೆ. ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆ ಎಂಬ ನಂಬಿಕೆಯನ್ನು ಪಕ್ಕಕ್ಕಿಟ್ಟರೂ, ಆ ವರ್ಗೀಕರಣದ ಸೂಕ್ಷ್ಮ ಮೆಚ್ಚುವಂಥದ್ದು. ತಳಿಶಾಸ್ತ್ರ ಓದುವ ವಿದ್ಯಾರ್ಥಿಯೊಬ್ಬ ಆ ಹೆಸರುಗಳನ್ನೂ ಬಣ್ಣದ ಜೀನ್‌ಗಳನ್ನೂ ಎದುರುಬದುರು ಇಟ್ಟು ನೋಡಿದರೆ ಒಳ್ಳೆಯ ಪ್ರಬಂಧವಾದೀತು.

ಇವುಗಳಲ್ಲಿ ಬಹುಪಾಲಿನ ಗುರಿ ಕಾಳಗ. ನಮ್ಮಲ್ಲಿ 'ಕೋಳಿ ಅಂಕ' ಎಂದರೆ ಕೋಳಿಗಳು ಕಾದುವ ಕಣ. ಯುರೋಪಿನಲ್ಲಿಯೂ ಹಾಗೆಯೇ ಇತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಅದರ ಮರುವರ್ಷ, 1835ರಲ್ಲಿ, ಬ್ರಿಟನ್ನಿನ ಸಂಸತ್ತು ತನ್ನ ದೇಶದಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಮಾಡಿ ಕೋಳಿಕಾಳಗದ ಕಣಗಳಿಗೆ ಬೀಗ ಹಾಕಿಸಿತು. ಕಾದಾಟದ ಹುಂಜಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರ ಸ್ಪರ್ಧೆಯ ಚಪಲ ಕಾಯಿದೆಯಿಂದ ಹೋಗಲಿಲ್ಲ, ಜಾಗ ಬದಲಿಸಿತು. 1845ರಲ್ಲಿ ಲಂಡನ್ನಿನ ಮೃಗಾಲಯದ ಆವರಣದಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. 1849ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಇನ್ನೊಂದು. ಅಂಕಣದ ಕೋಳಿ ಅಂಕಪಟ್ಟಿಯ ಕೋಳಿಯಾಯಿತು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೋಳಿ ಅಂಕ ಅಪರಾಧ. ಕೊಡಗಿನ, ದಕ್ಷಿಣ ಕನ್ನಡದ ಪತ್ರಿಕೆಗಳಲ್ಲಿ ದಾಳಿಯ ಸುದ್ದಿ ಇಂದಿಗೂ ಬರುತ್ತಿರುತ್ತದೆ. ತಮಿಳುನಾಡಿನ ದಿಂಡಿಗಲ್ ಕಡೆ ಗಿಳಿಕೊಕ್ಕಿನ ಅಸೀಲ್ ಹುಂಜಗಳನ್ನು ಕಾದಿಸದೆ, ಕೊಕ್ಕು ಬಾಲಗಳ ಅಂದಕ್ಕಾಗಿಯೇ ಪ್ರದರ್ಶಿಸಿ ಬಹುಮಾನ ಕೊಡುವ ಮೇಳಗಳು ಈಚೆಗೆ ನಡೆಯುತ್ತಿವೆ.

ಬ್ಯಾಂಟಮ್ ಪ್ರಿಯರು ಈ ದಾರಿಯಲ್ಲಿ ಮೊದಲೇ ಹೊರಟಿದ್ದರು. ಸರ್ ಜಾನ್ ಸೀಬ್ರೈಟ್ ಎಂಬ ಶ್ರೀಮಂತ 19ನೆಯ ಶತಮಾನದ ಆರಂಭದಲ್ಲಿ ತನ್ನ ಹೆಸರಿನ ಬ್ಯಾಂಟಮ್ ತಳಿಯನ್ನು ರೂಪಿಸಿದ. ಅದರ ಮೈಯ ಪ್ರತಿ ಗರಿಗೂ ಕಪ್ಪು ಅಂಚಿನ ಜರಿ ಇರಬೇಕು, ಎಲ್ಲೆಡೆ ಒಂದೇ ಅಗಲ. ಆ ಒಂದು ತಳಿಗಾಗಿಯೇ ಸಂಘ ಕಟ್ಟಿ ಸದಸ್ಯರ ನಡುವೆ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿದ. 1809ರಲ್ಲಿ ಸಾಕುಪ್ರಾಣಿಗಳ ತಳಿ ಸುಧಾರಣೆಯ ಬಗ್ಗೆ ಅವನು ಪ್ರಕಟಿಸಿದ ಚಿಕ್ಕ ಪುಸ್ತಿಕೆಯನ್ನು ಮುಂದೆ ಡಾರ್ವಿನ್ ಓದಿದ. ಪಾರಿವಾಳದಲ್ಲಿ ಬೇಕಾದ ಗರಿ ತರಲು ಮೂರು ವರ್ಷ ಸಾಕು, ತಲೆ ಕೊಕ್ಕು ತರಲು ಆರು ವರ್ಷ ಬೇಕು ಎಂಬ ಅರ್ಥದ ಸೀಬ್ರೈಟನ ಮಾತು ಡಾರ್ವಿನ್ನನ 1859ರ ಗ್ರಂಥದಲ್ಲಿಯೇ ದಾಖಲಾಗಿದೆ.

1840ರ ದಶಕದಲ್ಲಿ ವಿಕ್ಟೋರಿಯಾ ರಾಣಿಯ ಕೋಳಿಗೂಡಿಗೆ ಪೂರ್ವದೇಶದ ದೈತ್ಯ ಕೋಳಿಗಳು ಬಂದ ಮೇಲೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಎದ್ದ ಹುಚ್ಚಿಗೆ 'ಕೋಳಿ ಜ್ವರ' ಎಂದೇ ಹೆಸರಾಯಿತು. ಕೊಚ್ಚಿನ್ ಎಂಬ ತಳಿಗೂ ನಮ್ಮ ಕೊಚ್ಚಿಗೂ ಸಂಬಂಧವಿಲ್ಲ, ಅದು ಚೀನಾದ್ದು. ಬ್ರಹ್ಮಪುತ್ರದ ಹೆಸರು ಹೊತ್ತ ಬ್ರಹ್ಮ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ. ವ್ಯಾಪಾರಿಗಳಿಗೆ ದೂರದ ಹೆಸರೇ ಬಂಡವಾಳ. ಗೊಂದಲ ಹೆಚ್ಚಿದಾಗ ಬರಹದ ಪ್ರಮಾಣಕ ಬೇಕಾಯಿತು. 1865ರಲ್ಲಿ ಡಬ್ಲ್ಯು.ಬಿ. ಟೆಗೆಟ್‌ಮೈಯರ್ ಸಂಪಾದಕತ್ವದಲ್ಲಿ ಬ್ರಿಟನ್ನಿನ ಮೊದಲ ಪ್ರಮಾಣಕ ಗ್ರಂಥ ಹೊರಬಂತು, 1874ರಲ್ಲಿ ಅಮೆರಿಕದ್ದು.

ಟೆಗೆಟ್‌ಮೈಯರ್ ಡಾರ್ವಿನ್ನನ ನಿಕಟ ಸಹಾಯಕ. ಅವನು ಒದಗಿಸಿದ ಒಂದು ಸಂಗತಿ ಡಾರ್ವಿನ್ನನ 1868ರ ಗ್ರಂಥದಲ್ಲಿ ಬರುತ್ತದೆ. ಸ್ಪ್ಯಾನಿಶ್ ಹುಂಜದ ಜುಟ್ಟು ನೆಟ್ಟಗಿರಬೇಕೆಂದು ತೀರ್ಪುಗಾರರು ಗೊತ್ತುಮಾಡಿದರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಹುಂಜಗಳ ಜುಟ್ಟೆಲ್ಲ ನೆಟ್ಟಗಾಯಿತು. ಪೋಲಿಶ್ ಕೋಳಿಗೆ ಗಡ್ಡ ಬೇಕೆಂದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ 57 ಪಂಜರಗಳಲ್ಲಿ ಎಲ್ಲಕ್ಕೂ ಗಡ್ಡ ಬಂದಿತ್ತು. ನಿಸರ್ಗದ ಆಯ್ಕೆ ಸಾವಿರಾರು ವರ್ಷಗಳಲ್ಲಿ ಮಾಡುವುದನ್ನು ಮನುಷ್ಯನ ಆಯ್ಕೆ ಕಣ್ಣೆದುರೇ ಮಾಡಿ ತೋರಿಸುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು? ತೀರ್ಪುಗಾರರು ತಮಗೆ ಗೊತ್ತಿಲ್ಲದೆಯೇ ಒಂದು ಮಹಾಪ್ರಯೋಗ ನಡೆಸುತ್ತಿದ್ದರು.

ಕಿತ್ತೂರಿನ ಕೈದಿ, ಡಾರ್ವಿನ್ನನ ಕಾಗದ

ಡಾರ್ವಿನ್ನನಿಗೆ ಸಾಕುಹಕ್ಕಿಗಳ ಮೂಲ ಬೇಕಾಗಿತ್ತು. ದೇಶದೇಶಗಳ ಪರಿಚಿತರಿಗೆ ಕಾಗದ ಬರೆದು ಹಕ್ಕಿಗಳ ಚರ್ಮ ತರಿಸಿಕೊಂಡ. 1856ರ ಜನವರಿಯಲ್ಲಿ ಹಾಗೆ ಕಾಗದ ಬರೆದದ್ದು ಮದರಾಸಿನಲ್ಲಿದ್ದ ವಾಲ್ಟರ್ ಎಲಿಯಟ್‌ಗೆ. ಕನ್ನಡಿಗರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಯುವ ಅಧಿಕಾರಿಗಳಲ್ಲಿ ಒಬ್ಬ ಈತ. ಧಾರವಾಡ ಸೀಮೆಯಲ್ಲಿದ್ದಾಗ ಕನ್ನಡ ಶಾಸನಗಳನ್ನು ಸಂಗ್ರಹಿಸಿದವನೂ, ಅಲ್ಲಿನ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದವನೂ ಈತನೇ. ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳುಹಿಸಿದ್ದಕ್ಕಾಗಿ ಡಾರ್ವಿನ್ ತನ್ನ 1859ರ ಗ್ರಂಥದಲ್ಲಿ ಅವನ ಹೆಸರು ಹೇಳಿ ನೆನೆದಿದ್ದಾನೆ.

ಕೋಳಿಯ ವಿಚಾರದಲ್ಲಿ ಡಾರ್ವಿನ್ 1868ರಲ್ಲಿ ಬಂದ ತೀರ್ಮಾನ ಹೀಗಿದೆ: ಎಲ್ಲ ಸಾಕುಕೋಳಿಗಳೂ ಒಂದೇ ಮೂಲದವು, ಅದು ಕೆಂಪು ಕಾಡುಕೋಳಿ. ಬೂದು ಕಾಡುಕೋಳಿಯೂ ಪೂರ್ವಜನಿರಬಹುದೆಂಬ ಹಿಂದಿನ ಕೆಲವರ ಊಹೆಯನ್ನು ಅವನು ತಳ್ಳಿಹಾಕಿದ. ಅವನ ಕಾರಣಗಳು ದುರ್ಬಲವಾಗಿರಲಿಲ್ಲ. ಬೂದು ಹುಂಜದ ಕೊರಳಗರಿಗಳ ತುದಿಯಲ್ಲಿ ಅರಗಿನ ಹನಿಯಂಥ ಹೊಳೆಯುವ ಚಪ್ಪಟೆ ಚುಕ್ಕೆಗಳಿವೆ. ಯಾವ ಸಾಕುಕೋಳಿಯಲ್ಲಿಯೂ ಅವು ಕಾಣುವುದಿಲ್ಲ. ಕೂಗು ಬೇರೆ. ಮೇಲಾಗಿ ಲಂಡನ್ನಿನ ಮೃಗಾಲಯದಲ್ಲಿ ಇವೆರಡರ ಮಿಶ್ರತಳಿಗಳಿಂದ ಪಡೆದ ಸುಮಾರು 500 ಮೊಟ್ಟೆಗಳಲ್ಲಿ ಬದುಕುಳಿದ ಮರಿಗಳು ಬರೀ 12. ಇಂಥ ಬಂಜೆತನವಿರುವಾಗ ರಕ್ತ ಬೆರೆಯುವುದೆಂತು? ಅಂದಿನ ಪುರಾವೆಯ ಮೇಲೆ ನಾವಾಗಿದ್ದರೂ ಇದೇ ತೀರ್ಪು ಕೊಡುತ್ತಿದ್ದೆವು. ಆದರೆ ಐನೂರರಲ್ಲಿ ಹನ್ನೆರಡು ಎಂದರೆ ಸೊನ್ನೆಯಲ್ಲ. ಸಾವಿರಾರು ವರ್ಷ, ಲಕ್ಷಾಂತರ ಅಂಗಳಗಳು ಇರುವಾಗ ಆ ಹನ್ನೆರಡಕ್ಕೆ ಬೇರೆಯೇ ಬೆಲೆಯಿದೆ.

ಕಾಲಿನ ಬಣ್ಣದ ಗುಟ್ಟು

ಕೋಳಿಯ ಕಾಲಿಗೆ ಬಣ್ಣ ಕೊಡುವುದು ಎರಡು ಪದರಗಳು. ಹೊರಚರ್ಮದಲ್ಲಿ ಕೆರೊಟಿನಾಯ್ಡ್ ವರ್ಣಕ ಸಂಗ್ರಹವಾದರೆ ಹಳದಿ. ಇಲ್ಲವಾದರೆ ಅದು ಬಣ್ಣವಿಲ್ಲದ ಅರೆಪಾರದರ್ಶಕ ಪದರ. ಅದರಡಿಯ ಒಳಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ವರ್ಣಕ ಇರಬಹುದು, ಇಲ್ಲದಿರಬಹುದು. ಎರಡೂ ಇಲ್ಲವಾದರೆ ಕಾಲು ಬಿಳಿ. ಹೊರಗೆ ಹಳದಿ, ಒಳಗೆ ಏನೂ ಇಲ್ಲವಾದರೆ ಅಚ್ಚ ಹಳದಿ. ಹೊರಗೆ ಬಣ್ಣವಿಲ್ಲದೆ ಒಳಗೆ ಕಪ್ಪು ಇದ್ದರೆ, ಅರೆಪಾರದರ್ಶಕ ಚರ್ಮದ ಮೂಲಕ ಅದು ಬೂದುನೀಲಿಯಾಗಿ ಕಾಣುತ್ತದೆ. ಹಳದಿಯ ಅಡಿ ಕಪ್ಪು ಇದ್ದರೆ? ನೀಲಿಯ ಮೇಲೆ ಹಳದಿ ಬಳಿದಂತೆ, ಹಸಿರು. ಅಂಗಳದಲ್ಲಿ ನಾವು ಕಂಡ ನಾಲ್ಕು ಬಣ್ಣಗಳ ಲೆಕ್ಕ ಇಲ್ಲಿಗೆ ಸರಿಹೋಯಿತು. ಎರಡು ಜೀನ್‌ಗಳ ಕೂಡುವಿಕೆಯನ್ನು ತರಗತಿಯಲ್ಲಿ ವಿವರಿಸಲು ಬಟಾಣಿಗಿಂತ ಇದು ಹತ್ತಿರದ ಉದಾಹರಣೆ. ಪಠ್ಯದಲ್ಲಿ ಹೇಗೂ ಕೋಳಿಯ ಜುಟ್ಟು ಬರುತ್ತದೆ: 1902ರಲ್ಲಿ ಬೇಟ್ಸನ್ ಮೆಂಡೆಲ್ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ತೋರಿಸಿದ್ದು ಪ್ರದರ್ಶನ ತಳಿಗಳ ಜುಟ್ಟುಗಳಿಂದಲೇ.

ಹಳದಿ ಕಾಲು ಅಪ್ರಬಲ ಗುಣ. ತಂದೆ ತಾಯಿ ಇಬ್ಬರಿಂದಲೂ ಹಳದಿಯ ಜೀನ್ ಬಂದರೆ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಇದರಲ್ಲಿ ತೀರ್ಪುಗಾರರ ಕಣ್ಣಿಗೆ ಒಂದು ಅನುಕೂಲ ಅಡಗಿದೆ. ಒಂದು ಹಿಂಡಿನಲ್ಲಿ 100ಕ್ಕೆ ಒಂದು ಹಕ್ಕಿಗೆ ಹಳದಿ ಕಾಲು ಇದೆಯೆನ್ನಿ. ಆಗ ಆ ಜೀನಿನ ಪ್ರಮಾಣ 10ರಲ್ಲಿ 1. ಇನ್ನೂ 18 ಹಕ್ಕಿಗಳು ಹೊರಗೆ ತೋರಿಸದೆ ಅದನ್ನು ಹೊತ್ತಿರುತ್ತವೆ. ಹಳದಿ ಬೇಕೆಂದವರು ಆ ಹಳದಿ ಹಕ್ಕಿಗಳನ್ನೇ ಕೂಡಿಸಿದರೆ ಒಂದೇ ತಲೆಮಾರಿನಲ್ಲಿ ಮರಿಗಳೆಲ್ಲ ಹಳದಿ. ಹಳದಿ ಬೇಡವೆಂದವರು ಪ್ರತಿ ತಲೆಮಾರಿನಲ್ಲಿ ಹಳದಿ ಕಾಲಿನವನ್ನು ತೆಗೆದುಹಾಕುತ್ತ ಹೋದರೆ, 100ಕ್ಕೆ ಒಂದು ಎಂಬುದು 10,000ಕ್ಕೆ ಒಂದು ಆಗಲು 90 ತಲೆಮಾರು ಬೇಕು. ಹಾರ್ಡಿ-ವೈನ್‌ಬರ್ಗ್ ಸೂತ್ರ ಗೊತ್ತಿರುವ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಅಪ್ರಬಲ ಗುಣವನ್ನು ಮೆಚ್ಚುವುದು ಸುಲಭ, ಹೊರಗಟ್ಟುವುದು ಬಹಳ ಕಷ್ಟ.

ಇನ್ನೊಂದು ಸಂಗತಿ ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು. ಕಾಲಿನ ಹಳದಿ ಆಹಾರದಿಂದ ಬರುವುದು, ಹಸಿರುಸೊಪ್ಪು, ಮೆಕ್ಕೆಜೋಳಗಳಿಂದ. ಮೊಟ್ಟೆಯ ಭಂಡಾರದ ಹಳದಿಯೂ ಅದೇ ವರ್ಣಕ. ಹೇಂಟೆ ಮೊಟ್ಟೆಯಿಡಲು ತೊಡಗಿದಾಗ ತಿಂದ ವರ್ಣಕವೆಲ್ಲ ಭಂಡಾರಕ್ಕೆ ಹೋಗುತ್ತದೆ. ಚರ್ಮಕ್ಕೆ ಹೊಸದು ಬರುವುದಿಲ್ಲ, ಹಳೆಯದು ಸವೆಯುತ್ತದೆ. ಮೊದಲು ಗುದದ್ವಾರದ ಸುತ್ತ, ಬಳಿಕ ಕಣ್ಣಿನ ಅಂಚು, ಆಮೇಲೆ ಕೊಕ್ಕು ಬುಡದಿಂದ ತುದಿಯವರೆಗೆ, ಕಟ್ಟಕಡೆಗೆ ಕಾಲು, ಹೀಗೆ ಒಂದು ಕ್ರಮದಲ್ಲಿ ಮೈ ಬಿಳಿಚಿಕೊಳ್ಳುತ್ತದೆ. ಕಾಲು ಪೂರ್ತಿ ಬಿಳಿಚಲು ನಾಲ್ಕೈದು ತಿಂಗಳ ಸತತ ಮೊಟ್ಟೆ ಬೇಕು. ಮೊಟ್ಟೆ ನಿಂತರೆ ಅದೇ ಕ್ರಮದಲ್ಲಿ ಹಳದಿ ಮರಳುತ್ತದೆ. 1915ರಲ್ಲಿ ಅಮೆರಿಕದ ಬ್ಲೇಕ್ಸ್‌ಲೀ ಮತ್ತು ವಾರ್ನರ್ ಈ ಸಂಬಂಧವನ್ನು ಅಳೆದು ಪ್ರಕಟಿಸಿದರು. ಆ ಮೇಲೆ ಕೋಳಿ ಸಾಕಣೆದಾರರು ಮೊಟ್ಟೆಯಿಡದ ಹೇಂಟೆಗಳನ್ನು ಕಾಲು ಕೊಕ್ಕು ನೋಡಿಯೇ ಬೇರ್ಪಡಿಸತೊಡಗಿದರು.

ಇದರ ಅರ್ಥವೇನು ನೋಡಿ. ಪ್ರದರ್ಶನದ ಪಂಜರದಲ್ಲಿ ಹೊಳೆಯುವ ಹಳದಿ ಕಾಲಿನ ಹೇಂಟೆ ಬಹುಮಾನ ಗೆಲ್ಲುತ್ತದೆ. ಆರು ತಿಂಗಳು ಮೊಟ್ಟೆಯಿಟ್ಟು ಬಿಳಿಚಿದ ಅದರ ಅಕ್ಕ, ಬಣ್ಣದ ಕಲಮಿನಲ್ಲಿ ಹಿಂದೆ ಬೀಳುತ್ತದೆ. ಒಂದೇ ಕಾಲನ್ನು ಒಬ್ಬ ತೀರ್ಪುಗಾರ ಅಂದವೆಂದು ಓದಿದರೆ, ಇನ್ನೊಬ್ಬ ಸೋಮಾರಿತನವೆಂದು ಓದುತ್ತಾನೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಗಿರಿರಾಜ ತಳಿಯನ್ನು ರೂಪಿಸುವಾಗ ಹಿತ್ತಲಿನಲ್ಲಿ ಬದುಕುವ ಶಕ್ತಿ, ತೂಕ, ಮೊಟ್ಟೆಗಳ ಲೆಕ್ಕವನ್ನೇ ಮುಂದಿಟ್ಟರು. ಕಣ್ಣಿನ ತೀರ್ಪು ಅಲ್ಲಿ ಎರಡನೆಯ ಮಾತು.

ಕಣ್ಣು ಮೆಚ್ಚಿದ್ದಕ್ಕೆ ಹಕ್ಕಿ ತೆರುವ ಬೆಲೆ ಕೆಲವೊಮ್ಮೆ ದೊಡ್ಡದು. ಜಪಾನಿನ ಚಾಬೊ ಬ್ಯಾಂಟಮ್‌ಗೆ ಕಾಲು ಎಷ್ಟು ಗಿಡ್ಡವಿದ್ದರೆ ಅಷ್ಟು ಅಂಕ. ಈ ಗಿಡ್ಡತನ ಪ್ರಬಲ ಜೀನಿನದು. ಒಂದು ಪ್ರತಿ ಇದ್ದರೆ ಕಾಲು ಗಿಡ್ಡ. ಎರಡು ಪ್ರತಿ ಬಂದರೆ ಭ್ರೂಣ ಮೊಟ್ಟೆಯಲ್ಲೇ ಸಾಯುತ್ತದೆ. ಗಿಡ್ಡ ಹುಂಜಕ್ಕೆ ಗಿಡ್ಡ ಹೇಂಟೆಯನ್ನು ಕೂಡಿಸಿದಾಗಲೆಲ್ಲ ನಾಲ್ಕರಲ್ಲೊಂದು ಮರಿ ಹುಟ್ಟುವುದೇ ಇಲ್ಲ; ಉಳಿದವುಗಳಲ್ಲಿ ಗಿಡ್ಡ ಎರಡು, ಉದ್ದ ಒಂದು. ಅಂದರೆ ಪ್ರಮಾಣಕ ಬೇಡುವ ಶುದ್ಧ ತಳಿ ಜೀವಶಾಸ್ತ್ರದಲ್ಲಿ ಸಾಧ್ಯವೇ ಇಲ್ಲ. ಆ ಸಾಲನ್ನು ತಿದ್ದಲು ಇಷ್ಟು ಕಾರಣ ಸಾಲದೆ ಎಂದು ಕೇಳಬೇಕೆನಿಸುತ್ತದೆ. ಸೀಬ್ರೈಟ್‌ನ ವೈಚಿತ್ರ್ಯ ಅಷ್ಟು ಕ್ರೂರವಲ್ಲ: ಅದರ ಹುಂಜಕ್ಕೆ ಹೇಂಟೆಯಂಥ ಗರಿ. 1910ರ ದಶಕದಲ್ಲಿ ಟಿ.ಎಚ್. ಮಾರ್ಗನ್ ಬೀಜ ತೆಗೆದ ಸೀಬ್ರೈಟ್ ಹುಂಜಗಳಲ್ಲಿ ಹುಂಜದ ಉದ್ದ ಗರಿಗಳು ಬೆಳೆದದ್ದನ್ನು ಕಂಡ. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುವ ಅರೊಮಟೇಸ್ ಕಿಣ್ವ ಈ ತಳಿಯ ಚರ್ಮದಲ್ಲಿಯೇ ತಯಾರಾಗುತ್ತದೆಂಬುದು ಬಹಳ ವರ್ಷಗಳ ಬಳಿಕ ತಿಳಿಯಿತು.

2008ರ ಉತ್ತರ

ಹಳದಿ ಕಾಲಿನ ಜೀನ್ ಯಾವುದು? ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಲೈಫ್ ಆಂಡರ್ಸನ್ ತಂಡ ಇದರ ಬೆನ್ನುಹತ್ತಿ 2008ರಲ್ಲಿ ಉತ್ತರ ಪ್ರಕಟಿಸಿತು. ಬಿಸಿಡಿಒ2 ಎಂಬ ಜೀನ್ ಕೆರೊಟಿನಾಯ್ಡ್‌ಗಳನ್ನು ತುಂಡರಿಸುವ ಕಿಣ್ವವನ್ನು ತಯಾರಿಸುತ್ತದೆ. ಬಿಳಿ ಚರ್ಮದ ಕೋಳಿಯಲ್ಲಿ ಈ ಕಿಣ್ವ ಚರ್ಮದಲ್ಲಿ ಕೆಲಸ ಮಾಡಿ ಹಳದಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಹಳದಿ ಚರ್ಮದ ಕೋಳಿಯಲ್ಲಿ ಕಿಣ್ವ ಕೆಟ್ಟಿಲ್ಲ. ಚರ್ಮದಲ್ಲಿ ಮಾತ್ರ ಅದರ ಸ್ವಿಚ್ ಆರಿದೆ, ಯಕೃತ್ತು ಮುಂತಾದೆಡೆ ಎಂದಿನಂತೆ ನಡೆಯುತ್ತದೆ.

ಇಷ್ಟಾದ ಮೇಲೆ ಸಂಶೋಧಕರು ಹಳದಿ ಕಾಲಿನ ಸಾಕುಕೋಳಿಗಳ ಈ ಡಿಎನ್‌ಎ ಭಾಗವನ್ನು ಕಾಡುಕೋಳಿಗಳ ಡಿಎನ್‌ಎ ಜೊತೆ ಹೋಲಿಸಿದರು. ಕೆಂಪು ಕಾಡುಕೋಳಿಯ ಜೊತೆ ಹೊಂದಬೇಕಾಗಿತ್ತು. ಹೊಂದಿದ್ದು ಬೂದು ಕಾಡುಕೋಳಿಯ ಜೊತೆ. ಕೋಳಿ ಮುಖ್ಯವಾಗಿ ಕೆಂಪು ಕಾಡುಕೋಳಿಯ ಸಂತತಿ ಎಂಬ ಡಾರ್ವಿನ್ನನ ಮಾತು ನಿಂತಿತು. 'ಬರೀ ಅದರದೇ' ಎಂಬ ಮಾತು ಬಿತ್ತು. ಕೆಂಪು ಕಾಡುಕೋಳಿಯ ಕಾಲು ಬೂದುನೀಲಿ; ಬೂದು ಕಾಡುಕೋಳಿಯ ಕಾಲು ಹಳದಿಯಿಂದ ನಸುಗೆಂಪು. ಸಾಕ್ಷಿ ಕಾಲಿನಲ್ಲೇ ಇತ್ತು. ದಕ್ಷಿಣ ಭಾರತದ ಯಾವುದೋ ಕಾಡಂಚಿನ ಅಂಗಳದಲ್ಲಿ, ಐನೂರಕ್ಕೆ ಹನ್ನೆರಡರಂಥ ಅದೃಷ್ಟದಿಂದ ಸೇರಿದ ಒಂದು ತುಂಡು ಡಿಎನ್‌ಎ ಇಂದು ಲೆಗ್‌ಹಾರ್ನ್, ವಯಂಡಾಟ್, ಪೀಕಿನ್ ಬ್ಯಾಂಟಮ್, ಚಾಬೊಗಳ ಕಾಲಿನಲ್ಲಿ ಹಳದಿಯಾಗಿ ಕಾಣುತ್ತಿದೆ. ಆ ಅಂಗಳ ಕೊಡಗಿನದೇ ಎನ್ನುವಂತಿಲ್ಲ. ಘಟ್ಟಸಾಲಿನ ಯಾವ ಮಗ್ಗುಲಾದರೂ ಆಗಿರಬಹುದು.

ಈ ತುಂಡು ಲೋಕವಿಡೀ ಹರಡಿದ್ದು ಯಾವಾಗ? 2014ರಲ್ಲಿ ಯುರೋಪಿನ ಉತ್ಖನನಗಳಲ್ಲಿ ದೊರೆತ, ಕ್ರಿಸ್ತಪೂರ್ವ ಕಾಲದಿಂದ 18ನೆಯ ಶತಮಾನದವರೆಗಿನ ಕೋಳಿ ಮೂಳೆಗಳ ಡಿಎನ್‌ಎ ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ಹಳದಿಯ ಜೀನ್ ಅವುಗಳಲ್ಲಿ ಬಹುತೇಕ ಇರಲಿಲ್ಲ. ಅಲ್ಲಿ ಅದು ಸಾಮಾನ್ಯವಾದದ್ದು ಈಚಿನ ಕೆಲವು ಶತಮಾನಗಳಲ್ಲಿ. ಏಷ್ಯಾದ ಕೋಳಿಗಳು ಹಡಗೇರಿ ಬಂದದ್ದು, ಕೋಳಿ ಜ್ವರ, ಹಳದಿ ಕಾಲನ್ನು ಕಡ್ಡಾಯ ಮಾಡಿದ ಪ್ರಮಾಣಕಗಳು, ಜೊತೆಗೆ ಅಪ್ರಬಲ ಗುಣವನ್ನು ಮೆಚ್ಚುವ ಸುಲಭ ಲೆಕ್ಕ, ಇವೆಲ್ಲ ಸೇರಿ ಈ ಕೆಲಸ ಮಾಡಿರಬೇಕೆಂಬುದು ನನ್ನ ಊಹೆ.

ಮಿಶ್ರಣದ ಇನ್ನೊಂದು ಮುಖ

ಬೂದು ಹುಂಜದ ಅರಗಿನ ಚುಕ್ಕೆಯ ಕೊರಳಗರಿ ಬ್ರಿಟನ್ನಿನ ಮೀನು ಹಿಡಿಯುವ ಶ್ರೀಮಂತರಿಗೆ ಬಹಳ ಪ್ರಿಯವಾಗಿತ್ತು. ಸಾಲ್ಮನ್ ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣಕ್ಕೆ ಆ ಗರಿಯೇ ಬೇಕೆಂದು ದಕ್ಷಿಣದ ಕಾಡುಗಳಿಂದ ಹುಂಜಗಳ ಕೊರಳ ಚರ್ಮ ದಶಕಗಳ ಕಾಲ ಹಡಗೇರಿತು. ಭಾರತ ರಫ್ತು ನಿಲ್ಲಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಗೂ ತಡೆಯಾಯಿತು. ಹಕ್ಕಿ ಇಂದು ಅಳಿವಿನಂಚಿನಲ್ಲಿಲ್ಲ. ನಾಗರಹೊಳೆಯ ದಾರಿಯಲ್ಲಿ ಮುಂಜಾನೆ ಹೋದವರಿಗೆ ಕಂಡೇ ಕಾಣುತ್ತದೆ.

ಚಿಂತೆ ಬೇರೆಡೆಯಿದೆ. 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಸಾಕುಕೋಳಿ ಮತ್ತು ಬೂದು ಕಾಡುಕೋಳಿಗಳ ನಡುವೆ ಡಿಎನ್‌ಎ ಎರಡೂ ದಿಕ್ಕಿಗೆ ಹರಿದಿರುವ ಕುರುಹು ತೋರಿಸಿತು. ಕಾಡಿನಿಂದ ಅಂಗಳಕ್ಕೆ ಬಂದದ್ದು ಹಳದಿ ಕಾಲು. ಅಂಗಳದಿಂದ ಕಾಡಿಗೆ ಹೋದದ್ದು ಏನೇನು, ಅದರಿಂದ ಕಾಡುಹಕ್ಕಿಗೆ ಆಗುವುದೇನು ಎಂಬುದು ಕಾಡಂಚಿನ ತೋಟಗಳಲ್ಲಿ ನಡೆಯಬೇಕಾದ ಸಂಶೋಧನೆ. ಡಿಎನ್‌ಎ ಪರೀಕ್ಷೆಯೇ ಅದಕ್ಕೆ ಗಟ್ಟಿ ಸಾಧನ. ಆದರೂ ಮಾದರಿ ಎಲ್ಲಿಂದ ತೆಗೆಯಬೇಕೆಂದು ಗೊತ್ತುಮಾಡಲು ಮೊದಲು ಕಣ್ಣೇ ಬೇಕು. ತೀರ್ಪುಗಾರರ ವಿದ್ಯೆ ಇಲ್ಲಿ ಬೇರೊಂದು ರೂಪದಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲಿನ ಬಣ್ಣ ಇಲ್ಲಿ ನೆರವಾಗದು, ಏಕೆಂದರೆ ಎರಡಕ್ಕೂ ಹಳದಿ ಇರಬಹುದು. ನೋಡಬೇಕಾದ್ದು ಕೊರಳಿನ ಅರಗಿನ ಚುಕ್ಕೆ, ಕೂಗಿನ ಒಡಕು, ಹೇಂಟೆಗೆ ಹೆಸರಿಗಷ್ಟೇ ಇರುವ ಜುಟ್ಟು. ಮತ್ತೆ ಮಳೆಗಾಲದ ಒಂದು ಗುರುತು: ಜೂನ್‌ನಿಂದ ಸೆಪ್ಟೆಂಬರ್ ನಡುವೆ ಶುದ್ಧ ಕಾಡುಹುಂಜ ತನ್ನ ಹೊಳೆಯುವ ಕೊರಳಗರಿಗಳನ್ನು ಉದುರಿಸಿ ಮಂಕಾದ ಗಿಡ್ಡ ಗರಿ ತೊಡುತ್ತದೆ. ಸಾಕುಹುಂಜ ಆ ಅಭ್ಯಾಸವನ್ನು ಕಳೆದುಕೊಂಡಿದೆ. ಆಗಸ್ಟ್ ತಿಂಗಳ ಮಳೆಯಲ್ಲಿ ಕೊರಳು ಮಂಕಾಗಿ ಕಾಫಿ ಗಿಡದಡಿ ನಿಂತ ಅಂಥ ಹುಂಜವನ್ನು ಹಿಡಿದು ಪ್ರದರ್ಶನದ ಪಂಜರದಲ್ಲಿ ಇಟ್ಟರೆ, ಗರಿ ಉದುರಿದೆಯೆಂದು ಅಂಕ ಕಳೆಯುತ್ತಾರೆ.